ಮಹಾ ಗ್ರೆಗೊರಿಯೂ ಹಳೆಯ ಹಬ್ಬಗಳೂ

ಪ್ರತಿ ವರ್ಷ ಅಕ್ಟೋಬರ್ ೩೧ರ ಸಂಜೆ ಐರ್ಲೆಂಡ್, ಬ್ರಿಟನ್, ಅಮೆರಿಕ ಮೊದಲಾದ ದೇಶಗಳಲ್ಲಿ ಹ್ಯಾಲೋವೀನ್ ಎಂಬ ಹಬ್ಬ ನಡೆಯುತ್ತದೆ. ಮಕ್ಕಳು ದೆವ್ವ, ಮಾಟಗಾತಿ, ಅಸ್ಥಿಪಂಜರಗಳ ವೇಷ ತೊಟ್ಟು ಮನೆಮನೆಗೆ ಹೋಗಿ ಮಿಠಾಯಿ ಬೇಡುತ್ತಾರೆ. ಒಳಗನ್ನು ಕೊರೆದು ಮುಖದ ಆಕಾರ ಕೊಟ್ಟ ಕುಂಬಳಕಾಯಿಗಳಲ್ಲಿ ದೀಪಗಳು ಉರಿಯುತ್ತವೆ. ದೂರದಿಂದ ನೋಡುವವರಿಗೆ ಇದು ಮಕ್ಕಳಾಟವಾಗಿಯೇ ಕಾಣುತ್ತದೆ. ಆದರೆ ಅಲ್ಲಿನ ಕ್ರೈಸ್ತ ಚರ್ಚುಗಳಿಗೆ ಈ ರಾತ್ರಿ ವರ್ಷವರ್ಷವೂ ಒಂದು ಪ್ರಶ್ನೆಯನ್ನು ತಂದೊಡ್ಡುತ್ತದೆ. ಭೂತಪಿಶಾಚಿಗಳ ಈ ವಿನೋದದಲ್ಲಿ ವಿಶ್ವಾಸಿಗಳ ಮಕ್ಕಳು ಪಾಲುಗೊಳ್ಳಬಹುದೆ? ಕೆಲವು ಸಭೆಗಳು ಇದನ್ನು ಪೂರ್ತಿಯಾಗಿ ತ್ಯಜಿಸಿವೆ. ಕೆಲವು ಅದೇ ಸಂಜೆ ಸುಗ್ಗಿಯ ಕೂಟವೊಂದನ್ನು ಏರ್ಪಡಿಸುತ್ತವೆ. ಮತ್ತೆ ಕೆಲವೆಡೆ ಚರ್ಚಿನ ಅಂಗಳದಲ್ಲಿ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ಹಿಂಬದಿಯ ಪೆಟ್ಟಿಗೆಗಳನ್ನು ಸಿಂಗರಿಸಿ, ಅಲ್ಲಿಂದಲೇ ಮಕ್ಕಳಿಗೆ ಮಿಠಾಯಿ ಹಂಚುತ್ತಾರೆ. ಲೂಥರನ ಅನುಯಾಯಿಗಳು ೧೫೧೭ರ ಅದೇ ದಿನ ಆತನ ೯೫ ವಾದಸೂತ್ರಗಳು ಹೊರಬಿದ್ದುದನ್ನು ನೆನೆದು ಅಂದು ಮತಸುಧಾರಣೆಯ ದಿನವನ್ನು ಆಚರಿಸುತ್ತಾರೆ. ಕ್ಯಾಥೊಲಿಕ್ ಪಾಲಕರು ಅನೇಕರು ಮಕ್ಕಳಿಗೆ ದೆವ್ವದ ಬದಲು ಸಂತರ ವೇಷ ತೊಡಿಸುತ್ತಾರೆ.

ಈ ಏರ್ಪಾಡುಗಳೆಲ್ಲ ಈಚಿನವು. ಆದರೆ ಅವುಗಳ ಹಿಂದಿರುವ ಪ್ರಶ್ನೆ ಈಚಿನದಲ್ಲ. ಜನ ಬಿಡಲೊಲ್ಲದ ಹಳೆಯ ಹಬ್ಬವನ್ನು ಬೇರುಸಹಿತ ಕೀಳಬೇಕೆ, ಇಲ್ಲವೆ ಅದೇ ನೆಲದಲ್ಲಿ ಹೊಸ ಹಬ್ಬವನ್ನು ನೆಟ್ಟು ಬೆಳೆಸಬೇಕೆ? ಹದಿನಾಲ್ಕು ಶತಮಾನಗಳ ಹಿಂದೆ, ೬೦೧ರ ಬೇಸಗೆಯಲ್ಲಿ, ಒಬ್ಬನೇ ವ್ಯಕ್ತಿ ಒಂದು ತಿಂಗಳು ತುಂಬುವ ಮೊದಲೇ ಈ ಪ್ರಶ್ನೆಗೆ ಎರಡು ಉತ್ತರಗಳನ್ನು ಕೊಟ್ಟನು. ಮೊದಲನೆಯದು ಕೀಳಬೇಕೆಂದು, ಎರಡನೆಯದು ಕೀಳಬಾರದೆಂದು. ಆತನೇ ಪೋಪ್ ಮೊದಲನೆಯ ಗ್ರೆಗೊರಿ. ಚರಿತ್ರೆ ಆತನನ್ನು ಮಹಾ ಗ್ರೆಗೊರಿಯೆಂದು ಕರೆದಿದೆ. ಆ ಎರಡನೆಯ ಉತ್ತರ ಹೇಗೆ ಹುಟ್ಟಿತೆಂಬುದನ್ನು ಅರಿಯಬೇಕಾದರೆ ಆತನ ಬಾಳನ್ನು ಮೊದಲಿನಿಂದ ನೋಡಬೇಕು.

ಗ್ರೆಗೊರಿ ಹುಟ್ಟಿದ್ದು ಸುಮಾರು ೫೪೦ರಲ್ಲಿ, ರೋಮ್ ನಗರದ ಸಿರಿವಂತ ಮನೆತನವೊಂದರಲ್ಲಿ. ತಂದೆ ಗೋರ್ಡಿಯಾನಸ್, ತಾಯಿ ಸಿಲ್ವಿಯಾ. ಆ ವಂಶದಲ್ಲಿ ಹಿಂದೆ ಒಬ್ಬ ಪೋಪನೂ ಆಗಿಹೋಗಿದ್ದನು. ಹೆಸರಿಗೆ ಅದು ಲೋಕವನ್ನಾಳಿದ ರೋಮ್. ನಿಜದಲ್ಲಿ ಅದು ಹಾಳುಬಿದ್ದ ಊರು. ಒಂದು ಕಾಲಕ್ಕೆ ಹತ್ತು ಲಕ್ಷದಷ್ಟು ಜನ ತುಂಬಿದ್ದ ನಗರದಲ್ಲಿ ಈಗ ಕೆಲವು ಹತ್ತು ಸಾವಿರ ಮಂದಿ ಉಳಿದಿದ್ದರು. ಕಾನ್‌ಸ್ಟಾಂಟಿನೋಪಲ್ಲಿನ ಚಕ್ರವರ್ತಿಯ ಸೈನ್ಯಕ್ಕೂ ಗಾಥರಿಗೂ ನಡುವೆ ಇಪ್ಪತ್ತು ವರ್ಷ ಯುದ್ಧ ನಡೆದು, ೫೪೬ರಲ್ಲಿ ಗಾಥರ ರಾಜ ಟೋಟಿಲ ರೋಮನ್ನು ಹಿಡಿದು ಅಲ್ಲಿನ ಜನರನ್ನು ಹೊರಗಟ್ಟಿದನು. ಅದೇ ದಶಕದಲ್ಲಿ ಮಹಾಮಾರಿ ಇಟಲಿಗೆ ಕಾಲಿಟ್ಟಿತು. ಗಾಥರು ಸೋತರೆಂದು ಉಸಿರು ಬಿಡುವಷ್ಟರಲ್ಲಿ, ೫೬೮ರಲ್ಲಿ, ಲೊಂಬಾರ್ಡರು ಉತ್ತರದಿಂದ ನುಗ್ಗಿದರು. ಬಾಲಕ ಗ್ರೆಗೊರಿ ಆಡಿ ಬೆಳೆದದ್ದು ಮುರಿದ ಕಾಲುವೆಗಳ ಮತ್ತು ಮಾಡು ಕುಸಿದ ಸೌಧಗಳ ನಡುವೆ. ಒಡೆಯುವುದು ಎಷ್ಟು ಸುಲಭ, ಕಟ್ಟುವುದು ಎಷ್ಟು ಕಷ್ಟ ಎಂಬುದನ್ನು ಆತನಿಗೆ ಯಾವ ಗುರುವೂ ಹೇಳಿಕೊಡಬೇಕಾಗಿರಲಿಲ್ಲ.

ಮೂವತ್ತು ದಾಟಿದ ಕೆಲವೇ ವರ್ಷಗಳಲ್ಲಿ, ೫೭೩ರ ಸುಮಾರಿಗೆ, ಆತ ರೋಮ್ ನಗರದ ಆಡಳಿತಾಧಿಕಾರಿಯಾದನು. ಲೌಕಿಕ ಅಧಿಕಾರದಲ್ಲಿ ಅದು ಆ ನಗರದ ಅತ್ಯುನ್ನತ ಪದವಿ. ಆದರೆ ತಂದೆ ತೀರಿಕೊಂಡ ಮೇಲೆ ಗ್ರೆಗೊರಿ ಆ ಪದವಿಯನ್ನು ಬಿಟ್ಟನು. ಸಿಸಿಲಿಯಲ್ಲಿದ್ದ ಪಿತ್ರಾರ್ಜಿತ ಭೂಮಿಯಲ್ಲಿ ಆರು ಮಠಗಳನ್ನು ಸ್ಥಾಪಿಸಿದನು. ಸೀಲಿಯನ್ ಗುಡ್ಡದ ಮೇಲಿದ್ದ ತನ್ನ ಮನೆಯನ್ನೇ ಸಂತ ಆಂಡ್ರೂವಿನ ಹೆಸರಿನ ಮಠವಾಗಿ ಮಾಡಿ, ತಾನೂ ಅಲ್ಲಿ ಒಬ್ಬ ಸಾಮಾನ್ಯ ಸಂನ್ಯಾಸಿಯಾಗಿ ಸೇರಿದನು. ತನ್ನ ಬಾಳಿನಲ್ಲಿ ನೆಮ್ಮದಿಯ ಕಾಲವೆಂದು ಆತ ಮುಂದೆ ನೆನೆಯುತ್ತಿದ್ದುದು ಈ ಕೆಲವು ವರ್ಷಗಳನ್ನೇ. ಮನೆಯನ್ನು ಕೆಡವದೆ ಮಠವಾಗಿಸಿದ ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಗೋಡೆಗಳು ಅವೇ, ಅವುಗಳೊಳಗಿನ ಬಾಳು ಮಾತ್ರ ಬೇರೆಯಾಯಿತು.

ಆ ನೆಮ್ಮದಿ ಬಹುಕಾಲ ಉಳಿಯಲಿಲ್ಲ. ಸುಮಾರು ೫೭೯ರಲ್ಲಿ ಪೋಪ್ ಎರಡನೆಯ ಪೆಲೇಜಿಯಸ್ ಆತನನ್ನು ತನ್ನ ಪ್ರತಿನಿಧಿಯಾಗಿ ಕಾನ್‌ಸ್ಟಾಂಟಿನೋಪಲ್ಲಿಗೆ ಕಳುಹಿಸಿದನು. ಲೊಂಬಾರ್ಡರ ವಿರುದ್ಧ ಸೈನ್ಯದ ನೆರವನ್ನು ಬೇಡುವುದು ಆತನ ಕೆಲಸ, ನೆರವು ಬರಲಿಲ್ಲ. ಆರೇಳು ವರ್ಷ ಅರಮನೆಯ ನೆರಳಿನಲ್ಲಿದ್ದರೂ ಆತ ಗ್ರೀಕ್ ಭಾಷೆಯನ್ನು ಕಲಿಯಲಿಲ್ಲ; ಜೊತೆಯಲ್ಲಿ ಬಂದ ಸಂನ್ಯಾಸಿಗಳೊಡನೆ ಯೋಬನ ಗ್ರಂಥವನ್ನು ಕುರಿತು ಪ್ರವಚನ ನಡೆಸುತ್ತ ಕಾಲ ಕಳೆದನು. ದೂರದ ಅರಮನೆಯನ್ನು ನಂಬಿ ರೋಮ್ ಬದುಕಲಾರದೆಂಬ ಅರಿವಿನೊಡನೆ ಆತ ಹಿಂದಿರುಗಿದನೆಂದು ಹೇಳಬಹುದು.

೫೮೯ರಲ್ಲಿ ಟೈಬರ್ ನದಿ ಉಕ್ಕಿ ನಗರದ ಕಣಜಗಳನ್ನು ಹಾಳುಮಾಡಿತು. ಅದರ ಬೆನ್ನಿಗೇ ಮಹಾಮಾರಿ ಬಂದಿತು. ೫೯೦ರ ಆರಂಭದಲ್ಲಿ ಪೋಪ್ ಪೆಲೇಜಿಯಸನೇ ಅದಕ್ಕೆ ಬಲಿಯಾದನು. ಜನರೂ ಪಾದ್ರಿಗಳೂ ಒಮ್ಮನಸ್ಸಿನಿಂದ ಗ್ರೆಗೊರಿಯನ್ನು ಆರಿಸಿದರು. ಚಕ್ರವರ್ತಿ ಈ ಆಯ್ಕೆಗೆ ಒಪ್ಪಿಗೆ ಕೊಡದಿರಲೆಂದು ಆತನೇ ಗುಟ್ಟಾಗಿ ಓಲೆ ಬರೆದನೆಂದೂ ಅದನ್ನು ದಾರಿಯಲ್ಲೇ ತಡೆಯಲಾಯಿತೆಂದೂ ಆ ಕಾಲದ ಚರಿತ್ರಕಾರನೊಬ್ಬನು ಬರೆದಿದ್ದಾನೆ. ಒಪ್ಪಿಗೆ ಬರುವ ಮೊದಲೇ ಆತ ಸಾಯುತ್ತಿದ್ದ ನಗರದ ಜನರನ್ನು ಏಳು ತಂಡಗಳಾಗಿ ಮಾಡಿ, ಪ್ರಾರ್ಥನೆಯ ಮೆರವಣಿಗೆ ಹೊರಡಿಸಿದನು. ನಡೆಯುತ್ತ ನಡೆಯುತ್ತಲೇ ಒಂದು ಗಳಿಗೆಯಲ್ಲಿ ೮೦ ಮಂದಿ ಕುಸಿದು ಸತ್ತರೆಂದು ಅದೇ ಚರಿತ್ರಕಾರನು ಹೇಳುತ್ತಾನೆ. ಹೇಡ್ರಿಯನ್ ಚಕ್ರವರ್ತಿಯ ಸಮಾಧಿಯ ಮೇಲೆ ದೇವದೂತನೊಬ್ಬನು ಕತ್ತಿಯನ್ನು ಒರೆಗೆ ಸೇರಿಸುತ್ತಿದ್ದುದನ್ನು ಗ್ರೆಗೊರಿ ಕಂಡನೆಂಬುದು ಮುಂದಿನ ಕಾಲದ ಐತಿಹ್ಯ. ಆ ಸಮಾಧಿಗೆ ಇಂದು ದೇವದೂತನ ಕೋಟೆಯೆಂದೇ ಹೆಸರು. ೫೯೦ರ ಸೆಪ್ಟೆಂಬರ್ ೩ರಂದು ಆತನಿಗೆ ಪಟ್ಟಾಭಿಷೇಕವಾಯಿತು.

ಮುಂದಿನ ಹದಿನಾಲ್ಕು ವರ್ಷಗಳಲ್ಲಿ ಆತ ಬರೆಯಿಸಿದ ಪತ್ರಗಳಲ್ಲಿ ಸುಮಾರು ೮೫೦ ಉಳಿದುಬಂದಿವೆ. ಅವನ್ನು ಓದಿದರೆ ಒಬ್ಬ ಸಂತನಿಗಿಂತ ಮಿಗಿಲಾಗಿ ಒಬ್ಬ ಶ್ಯಾನುಭೋಗನ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಸಿಸಿಲಿಯ ಜಮೀನುಗಳಿಂದ ಧಾನ್ಯ ಬರಬೇಕು. ರೈತರಿಂದ ಕಳ್ಳ ಅಳತೆಯಲ್ಲಿ ಗೇಣಿ ವಸೂಲು ಮಾಡಬಾರದು. ನಗರದ ಬಡವರ ಪಟ್ಟಿ ಸರಿಯಾಗಿರಬೇಕು. ಸೆರೆಸಿಕ್ಕವರ ಬಿಡುಗಡೆಗೆ ಹಣ ಹೊಂದಿಸಬೇಕು. ಲೊಂಬಾರ್ಡರ ರಾಜ ಆಗಿಲುಲ್ಫ್ ೫೯೩ರಲ್ಲಿ ರೋಮಿಗೆ ಮುತ್ತಿಗೆ ಹಾಕಿದಾಗ ಹಣ ಕೊಟ್ಟು ಆತನನ್ನು ಹಿಂದಿರುಗಿಸಿದವನೂ ಗ್ರೆಗೊರಿಯೇ. ದೇವರ ಸೇವಕರ ಸೇವಕನೆಂದು ತನ್ನನ್ನು ಕರೆದುಕೊಳ್ಳುವ ಪದ್ಧತಿಯನ್ನು ಪೋಪರಲ್ಲಿ ನೆಲೆಗೊಳಿಸಿದವನು ಆತನೇ.

ಪಟ್ಟವೇರಿದ ಹೊಸದರಲ್ಲಿ ಗುರುಗಳ ಕರ್ತವ್ಯವನ್ನು ಕುರಿತು ಆತ ಒಂದು ಗ್ರಂಥ ಬರೆದನು. ಒಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ರಾಜ ಅದನ್ನು ತನ್ನ ಜನರ ನುಡಿಗೆ ತಂದನು. ಬಡವನಿಗೂ ಧನಿಕನಿಗೂ, ಅಳುವವನಿಗೂ ನಗುವವನಿಗೂ, ಅವಸರದವನಿಗೂ ಆಲಸಿಗೂ ಒಂದೇ ಬಗೆಯ ಉಪದೇಶ ಸಲ್ಲದೆಂಬುದು ಆ ಗ್ರಂಥದ ತಿರುಳು. ಕೇಳುವವನು ಯಾರೆಂಬುದನ್ನು ಅರಿಯದೆ ಹೇಳುವವನ ಮಾತು ನಾಟುವುದಿಲ್ಲವೆಂದು ಆತ ಬಲ್ಲನು. ಬಲ್ಲನೆಂದ ಮಾತ್ರಕ್ಕೆ ಎಲ್ಲ ಸಂದರ್ಭಗಳಲ್ಲಿಯೂ ಹಾಗೆ ನಡೆದನೆಂದಲ್ಲ. ಇಟಲಿಯ ಟೆರ್ರಾಚಿನಾ ಎಂಬ ಊರಿನಲ್ಲಿ ಯೆಹೂದ್ಯರು ತಮ್ಮ ಹಬ್ಬಗಳಿಗೆ ನೆರೆಯುತ್ತಿದ್ದ ಸ್ಥಳದಿಂದ ಅಲ್ಲಿನ ಬಿಷಪ್ಪನು ಅವರನ್ನು ಓಡಿಸಿದಾಗ, ೫೯೧ರಲ್ಲಿ ಗ್ರೆಗೊರಿ ಆತನನ್ನು ತಡೆದು, ಬೆದರಿಕೆಯಿಂದ ಯಾರೂ ಹತ್ತಿರ ಬರುವುದಿಲ್ಲ, ಸೌಮ್ಯತೆಯಿಂದಲೇ ಬರಬೇಕೆಂದು ತಿಳಿಸಿದನು. ಮಾರ್ಸೇಲ್ಸಿನ ಬಿಷಪ್ ಸೆರೆನಸ್ ಜನರು ಪೂಜಿಸುತ್ತಾರೆಂಬ ಕಾರಣಕ್ಕೆ ಚರ್ಚಿನ ಚಿತ್ರಗಳನ್ನು ಒಡೆದುಹಾಕಿದಾಗ, ಪೂಜಿಸದಂತೆ ತಡೆಯುವುದು ಸರಿ, ಒಡೆಯುವುದು ತಪ್ಪು, ಓದುಬಾರದವರಿಗೆ ಚಿತ್ರವೇ ಪುಸ್ತಕವೆಂದು ವಿವರಿಸಿದನು. ಆದರೆ ಸಾರ್ಡಿನಿಯಾ ದ್ವೀಪದ ರೈತರು ಹಳೆಯ ದೇವತೆಗಳನ್ನು ಬಿಡದಿದ್ದಾಗ ಇದೇ ಲೇಖನಿ ಬೇರೊಂದು ಮಾತು ಬರೆಯಿತು. ಚರ್ಚಿನ ಜಮೀನಿನಲ್ಲಿರುವ ಅಂಥವರ ಮೇಲೆ ತಾಳಲಾರದಷ್ಟು ಗೇಣಿ ಹೇರಬೇಕೆಂದು ೫೯೪ರಲ್ಲಿಯೂ, ವಿಗ್ರಹಾರಾಧಕರು ದಾಸರಾಗಿದ್ದರೆ ಹೊಡೆಯಬೇಕು, ಸ್ವತಂತ್ರರಾಗಿದ್ದರೆ ಸೆರೆಯಲ್ಲಿಡಬೇಕೆಂದು ೫೯೯ರಲ್ಲಿಯೂ ಆತ ಅಲ್ಲಿನ ಬಿಷಪ್ಪನಿಗೆ ಆಜ್ಞಾಪಿಸಿದನು. ಈ ಪತ್ರಗಳನ್ನು ಮರೆಮಾಡಿ ಗ್ರೆಗೊರಿಯ ಔದಾರ್ಯವನ್ನು ಹೊಗಳುವುದು ನ್ಯಾಯವಲ್ಲ. ಕಟ್ಟುವ ಕೈಯೂ ಕೆಡವುವ ಕೈಯೂ ಆತನಲ್ಲಿ ಒಟ್ಟಿಗೇ ಇದ್ದವು.

ಎರಡೂ ಕೈಗಳು ಎದುರುಬದುರಾದುದು ಇಂಗ್ಲೆಂಡಿನ ವಿಷಯದಲ್ಲಿ. ರೋಮಿನ ಸಂತೆಯಲ್ಲಿ ಮಾರಾಟಕ್ಕೆ ನಿಂತ ಹೊಂಗೂದಲಿನ ಬಾಲಕರನ್ನು ಕಂಡು ಗ್ರೆಗೊರಿ ಅವರ ಜನಾಂಗವನ್ನು ವಿಚಾರಿಸಿದನೆಂದೂ, ಆಂಗ್ಲರೆಂಬ ಹೆಸರು ಲ್ಯಾಟಿನ್ನಿನಲ್ಲಿ ದೇವದೂತರೆಂಬ ಪದಕ್ಕೆ ಹತ್ತಿರವಾಗಿ ಕೇಳಿಸಿದ್ದರಿಂದ ಆತನ ಮನ ಕರಗಿತೆಂದೂ ಇಂಗ್ಲೆಂಡಿನ ಹಳೆಯ ಚರಿತ್ರಕಾರ ಬೀಡ್ ಕೇಳಿದುದನ್ನು ಬರೆದಿಟ್ಟಿದ್ದಾನೆ. ಕಥೆ ಹೇಗೇ ಇರಲಿ, ಗಾಲ್ ದೇಶದಲ್ಲಿ ಮಾರಾಟಕ್ಕೆ ಬರುವ ಹದಿನೇಳು ಹದಿನೆಂಟು ವಯಸ್ಸಿನ ಆಂಗ್ಲ ಹುಡುಗರನ್ನು ಕೊಂಡು ಮಠಗಳಲ್ಲಿ ಬೆಳೆಸಬೇಕೆಂದು ೫೯೫ರಲ್ಲಿ ಆತ ಬರೆದ ಪತ್ರ ಇಂದಿಗೂ ಇದೆ. ಮರುವರ್ಷ ತನ್ನ ಸ್ವಂತ ಮಠದ ಆಗಸ್ಟಿನ್ ಎಂಬ ಸಂನ್ಯಾಸಿಯನ್ನು ಒಂದು ತಂಡದೊಡನೆ ಕಳುಹಿಸಿದನು. ಅವರು ಅರ್ಧದಾರಿಯಲ್ಲಿ ಅಂಜಿ ನಿಂತಾಗ ಮತ್ತೆ ಧೈರ್ಯ ಹೇಳಿ ಮುಂದಕ್ಕೆ ದೂಡಿದನು. ೫೯೭ರಲ್ಲಿ ಸುಮಾರು ೪೦ ಮಂದಿ ಕೆಂಟ್ ರಾಜ್ಯದ ಥಾನೆಟ್ ದ್ವೀಪದಲ್ಲಿ ಇಳಿದರು. ಅಲ್ಲಿನ ರಾಜ ಎಥೆಲ್‌ಬರ್ಟನ ರಾಣಿ ಬರ್ತಾ ಫ್ರಾಂಕರ ರಾಜಕುಮಾರಿ, ಆಗಲೇ ಕ್ರೈಸ್ತಳು. ಪರದೇಶಿಗಳು ಮಾಟ ಮಾಡಿಯಾರೆಂಬ ಶಂಕೆಯಿಂದ ರಾಜ ಮೊದಲು ಅವರನ್ನು ಮನೆಯೊಳಗೆ ಬಿಡದೆ ಬಯಲಿನಲ್ಲಿಯೇ ಭೇಟಿಮಾಡಿದನು. ಕ್ಯಾಂಟರ್‌ಬರಿಯಲ್ಲಿ ರಾಣಿ ಪ್ರಾರ್ಥಿಸುತ್ತಿದ್ದ ಸಂತ ಮಾರ್ಟಿನನ ಚರ್ಚಿನಲ್ಲಿ ಅವರು ಕೆಲಸ ಆರಂಭಿಸಿದರು. ಅಲ್ಲಿ ಇಂದಿಗೂ ಆರಾಧನೆ ನಡೆಯುತ್ತದೆ. ಆ ವರ್ಷದ ಕ್ರಿಸ್ಮಸ್ಸಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಸ್ನಾನದೀಕ್ಷೆ ಪಡೆದರೆಂದು ಗ್ರೆಗೊರಿ ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷನಿಗೆ ಸಂತೋಷದಿಂದ ತಿಳಿಸಿದನು.

೬೦೧ರಲ್ಲಿ ಗ್ರೆಗೊರಿ ಎರಡನೆಯ ತಂಡವನ್ನು ಕಳುಹಿಸಿದನು. ಅದರ ಮುಖಂಡರಲ್ಲಿ ಮೆಲ್ಲಿಟಸ್ ಎಂಬ ಮಠಾಧಿಪತಿ ಒಬ್ಬನು. ಅವರ ಕೈಯಲ್ಲಿ ರಾಜ ಎಥೆಲ್‌ಬರ್ಟನಿಗೆ ಒಂದು ಪತ್ರ. ಅದರ ತಾರೀಖು ಜೂನ್ ೨೨. ವಿಗ್ರಹಗಳ ಪೂಜೆಯನ್ನು ಅಡಗಿಸಿ, ಅವುಗಳ ಗುಡಿಗಳನ್ನು ಕೆಡವಿಸಬೇಕೆಂದು ಅದರಲ್ಲಿ ರಾಜನಿಗೆ ಬೋಧೆಯಿತ್ತು. ತಂಡ ಗಾಲ್ ದೇಶದ ಹಾದಿ ಹಿಡಿಯಿತು. ರೋಮಿನಲ್ಲಿ ಉಳಿದ ಗ್ರೆಗೊರಿಗೆ ಆಗಲೇ ತೀವ್ರವಾದ ಕೀಲುನೋವು. ಬಹುಕಾಲ ಹಾಸಿಗೆಯಲ್ಲಿಯೇ ಕಳೆಯಬೇಕಾಗಿತ್ತು. ಹಾಗಿದ್ದೂ ಆತನ ಮನಸ್ಸು ಆಂಗ್ಲರ ಗುಡಿಗಳನ್ನೇ ಸುತ್ತುತ್ತಿತ್ತು. ಜುಲೈ ೧೮ರಂದು ಇನ್ನೊಂದು ಪತ್ರ ಬರೆಯಿಸಿ ದಾರಿಯಲ್ಲಿದ್ದ ಮೆಲ್ಲಿಟಸನ ಬೆನ್ನಿಗೆ ಓಡಿಸಿದನು. ಆಂಗ್ಲರ ವಿಷಯವನ್ನು ಬಹಳ ದಿನ ಆಲೋಚಿಸಿ ಬಂದ ತೀರ್ಮಾನವನ್ನು ಆಗಸ್ಟಿನನಿಗೆ ಮುಟ್ಟಿಸಬೇಕೆಂಬುದು ಅದರ ಉದ್ದೇಶ.

ತೀರ್ಮಾನ ಹೀಗಿತ್ತು. ಗುಡಿಗಳನ್ನು ಕೆಡವುವುದು ಬೇಡ. ಒಳಗಿನ ವಿಗ್ರಹಗಳನ್ನು ಮಾತ್ರ ತೆಗೆಯಬೇಕು. ಗಟ್ಟಿಯಾದ ಕಟ್ಟಡಗಳಿದ್ದರೆ ಅವುಗಳಿಗೆ ಪವಿತ್ರಜಲವನ್ನು ಚಿಮುಕಿಸಿ, ವೇದಿಕೆ ಕಟ್ಟಿ, ಸಂತರ ಅವಶೇಷಗಳನ್ನಿರಿಸಿ ಚರ್ಚುಗಳನ್ನಾಗಿ ಮಾಡಬೇಕು. ತಮಗೆ ಪರಿಚಿತವಾದ ಜಾಗ ಉಳಿದುದನ್ನು ಕಂಡರೆ ಜನ ಅಳುಕದೆ ಅಲ್ಲಿಗೆ ಬರುತ್ತಾರೆ. ಇನ್ನು ಹಬ್ಬದ ಮಾತು. ಆಂಗ್ಲರು ತಮ್ಮ ದೇವತೆಗಳಿಗೆ ಅನೇಕ ಎತ್ತುಗಳನ್ನು ಬಲಿಕೊಡುತ್ತಿದ್ದರು. ಈ ಸಂಭ್ರಮವನ್ನು ಸುಮ್ಮನೆ ಕಸಿದುಕೊಂಡರೆ ಸಾಲದು. ಅದರ ಬದಲಿಗೆ ಏನಾದರೂ ಕೊಡಬೇಕು. ಚರ್ಚಿನ ಪ್ರತಿಷ್ಠಾಪನೆಯ ದಿನ ಅಥವಾ ಅಲ್ಲಿ ಅವಶೇಷಗಳಿರುವ ಹುತಾತ್ಮರ ದಿನ ಬಂದಾಗ, ಚರ್ಚಿನ ಸುತ್ತ ಮರದ ಕೊಂಬೆಗಳಿಂದ ಚಪ್ಪರ ಹಾಕಿಕೊಂಡು ಅವರು ಔತಣ ಮಾಡಲಿ. ಎತ್ತುಗಳನ್ನು ದೆವ್ವಗಳಿಗಾಗಿ ಅಲ್ಲದೆ ತಮ್ಮ ಊಟಕ್ಕಾಗಿ ಕಡಿದು, ತೃಪ್ತರಾಗಿ ದೇವರನ್ನು ಕೊಂಡಾಡಲಿ. ಹೊರಗಿನ ಸಂತೋಷ ಉಳಿದರೆ ಒಳಗಿನ ಸಂತೋಷಕ್ಕೆ ದಾರಿ ಸುಲಭವಾಗುತ್ತದೆ. ಒರಟು ಮನಸ್ಸಿನಿಂದ ಎಲ್ಲವನ್ನೂ ಒಮ್ಮೆಗೇ ಕತ್ತರಿಸಿಹಾಕಲು ಆಗದು. ಎತ್ತರವನ್ನು ಏರುವವನು ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾನೆಯೇ ಹೊರತು ನೆಗೆದಲ್ಲ. ಈಜಿಪ್ಟಿನಲ್ಲಿ ಬಲಿಗೆ ಒಗ್ಗಿಹೋಗಿದ್ದ ಇಸ್ರಾಯೇಲರಿಗೆ ದೇವರು ಬಲಿಯನ್ನು ತನಗೇ ಅರ್ಪಿಸುವಂತೆ ಬಿಟ್ಟುಕೊಟ್ಟದ್ದನ್ನೂ ಗ್ರೆಗೊರಿ ಇಲ್ಲಿ ನೆನೆಯುತ್ತಾನೆ.

ಈ ಪತ್ರದ ಸೂಕ್ಷ್ಮ ಎಲ್ಲಿದೆಯೆಂದರೆ, ಗ್ರೆಗೊರಿ ಹಬ್ಬವನ್ನು ಬಿಡಿಸಿ ನೋಡಿದನು. ಹಬ್ಬದಲ್ಲಿ ಪೂಜೆಗೊಳ್ಳುವ ದೇವತೆ ಒಂದು. ಕೂಡುವ ಜಾಗ ಒಂದು. ಊಟ, ಚಪ್ಪರ, ನೆರೆಹೊರೆಯವರ ಸಂಗ ಇನ್ನೊಂದು. ಮೊದಲನೆಯದನ್ನು ಆತ ಒಪ್ಪಲಾರ; ಉಳಿದೆರಡರಲ್ಲಿ ತಪ್ಪೇನನ್ನೂ ಆತ ಕಾಣಲಿಲ್ಲ. ಇದರ ಹಿಂದೆ ಬಾಳಿನ ನಿಜವೂ ಇತ್ತು. ಆಂಗ್ಲರು ನವೆಂಬರ್ ತಿಂಗಳನ್ನು ರಕ್ತದ ತಿಂಗಳೆಂದು ಕರೆಯುತ್ತಿದ್ದರೆಂದೂ, ಆಗ ಕಡಿಯುವ ದನಗಳನ್ನು ದೇವತೆಗಳಿಗೆ ಮೀಸಲಿಡುತ್ತಿದ್ದರೆಂದೂ ಬೀಡ್ ೭೨೫ರಲ್ಲಿ ಬರೆದನು. ಚಳಿಗಾಲಕ್ಕೆ ಮೇವು ಸಾಲದ ನಾಡಿನಲ್ಲಿ ಆ ಹೊತ್ತಿಗೆ ದನಗಳನ್ನು ಕಡಿಯಲೇಬೇಕಾಗಿತ್ತು; ಕಡಿದ ಮೇಲೆ ಔತಣ ನಡೆಯಲೇಬೇಕಾಗಿತ್ತು. ದೇವತೆ ಇದ್ದರೂ ಇಲ್ಲದಿದ್ದರೂ ಚಳಿಗಾಲ ಬರುತ್ತಿತ್ತು. ಅಂಥ ಹಬ್ಬವನ್ನು ಆಜ್ಞೆಯಿಂದ ಅಳಿಸುವುದು ಸಾಧ್ಯವಿಲ್ಲವೆಂಬುದನ್ನು ಜಮೀನಿನ ಲೆಕ್ಕ ನೋಡಿದ್ದ ಗ್ರೆಗೊರಿ ಅರಿತಿರಬೇಕು.

ತನ್ನ ಮಾತಿನ ಫಲವನ್ನು ಕಾಣಲು ಆತ ಉಳಿಯಲಿಲ್ಲ. ನೋವಿನಿಂದ ನರಳುತ್ತ, ಕಡೆಯವರೆಗೂ ಪತ್ರ ಬರೆಯಿಸುತ್ತ, ೬೦೪ರ ಮಾರ್ಚ್ ೧೨ರಂದು ಕಣ್ಣುಮುಚ್ಚಿದನು.

ಆತ ತೋರಿದ ದಾರಿ ನೇರವಾಗಿ ಗುರಿ ಮುಟ್ಟಿತೆನ್ನಲಾಗದು. ಈಸ್ಟ್ ಆಂಗ್ಲಿಯದ ರಾಜ ರೆಡ್‌ವಾಲ್ಡ್ ಒಂದೇ ಗುಡಿಯಲ್ಲಿ ಕ್ರಿಸ್ತನಿಗೆ ಒಂದು ವೇದಿಕೆಯನ್ನೂ ಹಳೆಯ ದೇವತೆಗಳಿಗೆ ಒಂದು ಸಣ್ಣ ವೇದಿಕೆಯನ್ನೂ ಇಟ್ಟುಕೊಂಡನು. ಹಳೆಯ ಗೋಡೆ ಉಳಿದರೆ ಹಳೆಯ ದೇವರೂ ಉಳಿಯಬಹುದೆಂಬ ಭಯಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಮೆಲ್ಲಿಟಸ್ ೬೦೪ರಲ್ಲಿ ಲಂಡನ್ನಿನ ಬಿಷಪ್ಪನಾದನು. ಆದರೆ ೬೧೬ರ ಸುಮಾರಿನಲ್ಲಿ ಅಲ್ಲಿನ ಕ್ರೈಸ್ತ ರಾಜ ತೀರಿಕೊಂಡಾಗ, ದೀಕ್ಷೆ ಪಡೆಯದ ರಾಜಕುಮಾರರು ತಮಗೂ ಪ್ರಸಾದದ ರೊಟ್ಟಿ ಕೊಡೆಂದು ಕೇಳಿ, ಕೊಡದ ಮೆಲ್ಲಿಟಸನನ್ನು ಓಡಿಸಿದರು. ಕೆಂಟಿನಲ್ಲಿ ವಿಗ್ರಹಗಳನ್ನು ಪೂರ್ತಿಯಾಗಿ ನಾಶಮಾಡುವ ರಾಜಾಜ್ಞೆ ಹೊರಟದ್ದು ಎಥೆಲ್‌ಬರ್ಟನ ಮೊಮ್ಮಗನ ಆಳ್ವಿಕೆಯಲ್ಲಿ, ೬೪೦ರ ಅನಂತರ. ಮೆಟ್ಟಿಲುಗಳ ದಾರಿ ನಿಧಾನದ ದಾರಿ. ನಡುವೆ ಜಾರಿ ಬೀಳುವವರೂ ಇದ್ದರು.

ಆದರೆ ರೋಮಿನಲ್ಲಿಯೇ ಆ ಪತ್ರದ ನೀತಿಗೆ ಒಂದು ದೊಡ್ಡ ನಿದರ್ಶನ ದೊರೆಯಿತು. ಪೋಪ್ ನಾಲ್ಕನೆಯ ಬೋನಿಫೇಸ್ ಸಕಲ ದೇವತೆಗಳ ಮಂದಿರವೆಂದು ಹೆಸರಾದ ಪ್ಯಾಂಥಿಯನ್ನನ್ನು ಚಕ್ರವರ್ತಿಯಿಂದ ಬೇಡಿ ಪಡೆದು, ೬೦೯ರ ಮೇ ೧೩ರಂದು ಮೇರಿಮಾತೆಗೂ ಎಲ್ಲ ಹುತಾತ್ಮರಿಗೂ ಅರ್ಪಿಸಿದನು. ಮರುವರ್ಷ ಇಂಗ್ಲೆಂಡಿನಿಂದ ಬಂದು ಆ ಪೋಪನ ಧರ್ಮಸಭೆಯಲ್ಲಿ ಕುಳಿತವನು ಬೇರಾರೂ ಅಲ್ಲ, ಗ್ರೆಗೊರಿಯ ಪತ್ರವನ್ನು ದಾರಿಯಲ್ಲಿ ಪಡೆದ ಮೆಲ್ಲಿಟಸನೇ. ಪ್ಯಾಂಥಿಯನ್ ಇಂದಿಗೂ ನಿಂತಿದೆ. ರೋಮಿನ ಎಷ್ಟೋ ಸೌಧಗಳು ಕಲ್ಲುಗಣಿಗಳಾಗಿಹೋದರೂ ಅದು ಉಳಿದುದಕ್ಕೆ ಚರ್ಚಾದುದೇ ಮುಖ್ಯ ಕಾರಣ.

ಎಲ್ಲ ಹುತಾತ್ಮರನ್ನು ಒಟ್ಟಿಗೆ ನೆನೆಯುವ ಇಂಥ ಆಚರಣೆಗಳಿಂದ ಸಕಲ ಸಂತರ ಹಬ್ಬ ಬೆಳೆಯಿತು. ಎಂಟನೆಯ ಶತಮಾನದಲ್ಲಿ ಮೂರನೆಯ ಗ್ರೆಗೊರಿ ಸಂತ ಪೀಟರನ ಚರ್ಚಿನಲ್ಲಿ ಸಕಲ ಸಂತರಿಗೆ ಪ್ರಾರ್ಥನಾಮಂದಿರ ಕಟ್ಟಿಸಿದನು. ೮೦೦ರ ಸುಮಾರಿಗೆ ಇಂಗ್ಲೆಂಡ್, ಜರ್ಮನಿಗಳಲ್ಲಿ ಈ ಹಬ್ಬ ನವೆಂಬರ್ ೧ಕ್ಕೆ ಬಂದಿತ್ತು. ನಾಲ್ಕನೆಯ ಗ್ರೆಗೊರಿಯ ಕಾಲದಲ್ಲಿ, ೮೩೫ರಲ್ಲಿ, ಫ್ರಾಂಕರ ಚಕ್ರವರ್ತಿ ಲೂಯಿ ಅದನ್ನು ತನ್ನ ರಾಜ್ಯದಲ್ಲೆಲ್ಲ ಜಾರಿಗೆ ತಂದನು. ಮೂವರು ಗ್ರೆಗೊರಿಗಳನ್ನು ಒಬ್ಬನೆಂದು ಭಾವಿಸಿ, ಐರ್ಲೆಂಡಿನ ಸಾವಿನ್ ಎಂಬ ಚಳಿಗಾಲದ ಹಬ್ಬವನ್ನು ನುಂಗಲು ಮಹಾ ಗ್ರೆಗೊರಿಯೇ ನವೆಂಬರ್ ೧ನ್ನು ಗೊತ್ತುಮಾಡಿದನೆಂದು ಬರೆಯುವವರಿದ್ದಾರೆ. ಅದಕ್ಕೆ ಆಧಾರವಿಲ್ಲ. ಐರ್ಲೆಂಡಿನ ಹಳೆಯ ಪಂಚಾಂಗದಲ್ಲಿ ಸಕಲ ಸಂತರ ದಿನ ಏಪ್ರಿಲ್ ೨೦ಕ್ಕೆ ಬರುತ್ತಿತ್ತು. ಗ್ರೆಗೊರಿ ಕೊಟ್ಟದ್ದು ದಿನವನ್ನಲ್ಲ. ಹಬ್ಬವನ್ನು ನೋಡುವ ಒಂದು ಬಗೆಯನ್ನು.

ಸಕಲ ಸಂತರ ಹಬ್ಬದ ಹಿಂದಿನ ಸಂಜೆಗೆ ಇಂಗ್ಲಿಷರು ಇಟ್ಟ ಹೆಸರೇ ಸವೆದು ಹ್ಯಾಲೋವೀನ್ ಆಯಿತು. ಸಾವಿರದ ಇಸವಿಯ ಆಸುಪಾಸಿನಲ್ಲಿ ಕ್ಲೂನಿ ಮಠದ ಓಡಿಲೋ ನವೆಂಬರ್ ೨ನ್ನು ಸತ್ತ ವಿಶ್ವಾಸಿಗಳೆಲ್ಲರಿಗಾಗಿ ಪ್ರಾರ್ಥಿಸುವ ದಿನವಾಗಿ ಮಾಡಿದನು. ಅಂದು ಇಂಗ್ಲೆಂಡಿನ ಬಡವರು ಮನೆಮನೆಗೆ ಹೋಗಿ ರೊಟ್ಟಿ ಪಡೆದು, ಆ ಮನೆಯಲ್ಲಿ ತೀರಿಕೊಂಡವರಿಗಾಗಿ ಪ್ರಾರ್ಥಿಸುತ್ತಿದ್ದರು. ಮತಸುಧಾರಣೆಯ ಬಳಿಕ ಸತ್ತವರಿಗಾಗಿ ಪ್ರಾರ್ಥಿಸುವುದು ಅಲ್ಲಿ ನಿಷಿದ್ಧವಾಯಿತು. ಮನೆಮನೆಗೆ ಹೋಗುವುದು ಮಾತ್ರ ನಿಲ್ಲಲಿಲ್ಲ. ಐರ್ಲೆಂಡ್ ಮತ್ತು ಸ್ಕಾಟ್ಲೆಂಡುಗಳಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ವಲಸೆ ಹೋದವರೊಡನೆ ಈ ರೂಢಿಗಳು ಅಮೆರಿಕ ಸೇರಿ, ಟರ್ನಿಪ್ ಗೆಡ್ಡೆಯ ದೀಪ ಕುಂಬಳಕಾಯಿಯ ದೀಪವಾಯಿತು. ಆದುದರಿಂದ ಇಂದು ಈ ರಾತ್ರಿಯನ್ನು ಹೊರಗಿನದೆಂದು ತಳ್ಳುವ ಚರ್ಚು ತಾನೇ ಹಿಂದೆ ಹೆಸರಿಟ್ಟ ಹಬ್ಬವನ್ನು ತಳ್ಳುತ್ತಿದೆ. ದೇವತೆ ಹೋಗಿ ಸಂತ ಬಂದು, ಸಂತ ಹೋಗಿ ಮಿಠಾಯಿ ಬಂದರೂ ಜನ ನೆರೆಯುವುದು ಹೋಗಲಿಲ್ಲ.

ಬದಲಿ ಹಬ್ಬಗಳಲ್ಲಿ ಕೆಲವು ಈ ಗುಟ್ಟನ್ನು ಅರಿತಿವೆ. ೧೯೫೦ರಲ್ಲಿ ಫಿಲಡೆಲ್ಫಿಯಾದ ಪ್ರೆಸ್ಬಿಟೀರಿಯನ್ ಪಾದ್ರಿಯೊಬ್ಬರ ಕುಟುಂಬ, ಮಕ್ಕಳು ಮಿಠಾಯಿಯ ಬದಲು ಹಾಲಿನ ಡಬ್ಬಿಗಳಲ್ಲಿ ಬಿಡಿಕಾಸು ಕೂಡಿಸಿ ವಿಶ್ವಸಂಸ್ಥೆಯ ಮಕ್ಕಳ ನಿಧಿಗೆ ಕಳುಹಿಸುವ ಏರ್ಪಾಡನ್ನು ಆರಂಭಿಸಿತು. ವೇಷ ಉಳಿಯಿತು, ಮನೆಮನೆಯ ಸುತ್ತಾಟ ಉಳಿಯಿತು. ಬೇಡಿದ್ದು ಮಾತ್ರ ಇನ್ನೊಬ್ಬರ ಹಸಿವಿಗೆ ಸಂದಿತು. ೨೦೦೨ರಲ್ಲಿ ಪ್ಯಾರಿಸ್ಸಿನ ಕ್ಯಾಥೊಲಿಕ್ ಧರ್ಮಪ್ರಾಂತ ಹೋಲಿವಿನ್ಸ್ ಎಂಬ ಹೆಸರಿನಲ್ಲಿ ತರುಣರಿಗೆ ಸಂಗೀತದ ಸಂಜೆಯೊಂದನ್ನು ಏರ್ಪಡಿಸಿತು. ಅದು ಈಗ ಇತರ ದೇಶಗಳಿಗೂ ಹರಡಿದೆ. ನಮ್ಮ ದಕ್ಷಿಣ ಕನ್ನಡದ ಕೊಂಕಣಿ ಕ್ಯಾಥೊಲಿಕರು ಸೆಪ್ಟೆಂಬರ್ ೮ರಂದು ಮೇರಿಮಾತೆಯ ಜನ್ಮದಿನವನ್ನು ಮೊಂತಿ ಹಬ್ಬವಾಗಿ ಆಚರಿಸುತ್ತ, ಹೊಸ ಭತ್ತದ ತೆನೆಯನ್ನು ಚರ್ಚಿನಲ್ಲಿ ಆಶೀರ್ವದಿಸಿ ಮನೆಗೆ ಒಯ್ದು ಹೊಸ ಅಕ್ಕಿಯ ಊಟ ಮಾಡುವುದೂ ಇದೇ ಬಗೆಯದು. ಸುಗ್ಗಿಯ ಸಂತೋಷವನ್ನು ಬಿಟ್ಟು ಹೊಸ ಮತಕ್ಕೆ ಬರಬೇಕೆಂದು ಅಲ್ಲಿ ಯಾರೂ ಕೇಳಲಿಲ್ಲ. ಇವರೆಲ್ಲ ಮೆಲ್ಲಿಟಸನ ಪತ್ರವನ್ನು ಓದಿಕೊಂಡು ನಡೆದರೆಂದಲ್ಲ. ಗ್ರೆಗೊರಿ ಕಂಡುದನ್ನು ತಾವೂ ಕಂಡರು.

ಹಬ್ಬವನ್ನು ತ್ಯಜಿಸುವ ಸಭೆಗಳ ಮಾತಿನಲ್ಲಿಯೂ ಹುರುಳಿಲ್ಲದಿಲ್ಲ. ರೆಡ್‌ವಾಲ್ಡನ ಎರಡು ವೇದಿಕೆಗಳನ್ನು ಅವರು ನೆನಪಿಗೆ ತರಬಹುದು. ಆದರೆ ಗ್ರೆಗೊರಿಯ ಪತ್ರ ಅವರಿಗೊಂದು ಲೆಕ್ಕವನ್ನು ಮುಂದಿಡುತ್ತದೆ. ತೆಗೆದುಕೊಂಡಷ್ಟನ್ನು ಹಿಂದಕ್ಕೆ ಕೊಡಬೇಕು. ಎತ್ತಿನ ಔತಣವನ್ನು ಕಸಿದವನು ಔತಣವನ್ನೇ ಕೊಡಬೇಕು, ಉಪದೇಶವನ್ನಲ್ಲ. ಮಗುವಿನ ಕೈಯಿಂದ ದೀಪವನ್ನು ಕಿತ್ತುಕೊಂಡು ಪುಸ್ತಕವನ್ನಿಡುವ ಬದಲಿ ಹಬ್ಬ ಹೆಚ್ಚು ಕಾಲ ನಿಲ್ಲುವುದಿಲ್ಲ.

ಈ ಪತ್ರವನ್ನು ಉದಾರವೆಂದು ಹೊಗಳುವಾಗ ಇನ್ನೊಂದು ಪಕ್ಷವನ್ನೂ ನೆನೆಯಬೇಕು. ಸೌಮ್ಯವಾದ ದಾರಿಯ ಕೊನೆಯಲ್ಲಿಯೂ ಗ್ರೆಗೊರಿ ಬಯಸಿದ್ದು ಹಳೆಯ ದೇವತೆಗಳ ಅಂತ್ಯವನ್ನೇ. ಚಪ್ಪರದಲ್ಲಿ ಕುಳಿತು ಅದೇ ಮಾಂಸವನ್ನು ಉಂಡ ಆಂಗ್ಲ ಬೇಸಾಯಗಾರನು ತನ್ನ ಹಬ್ಬ ಉಳಿಯಿತೆಂದು ತಿಳಿದನೋ ಹೋಯಿತೆಂದು ತಿಳಿದನೋ, ಆತನದೊಂದು ಓಲೆಯೂ ನಮಗೆ ಬಂದಿಲ್ಲ. ಆತನಿಗೆ ಬರೆಹವೇ ಗೊತ್ತಿರಲಿಲ್ಲ. ನಮಗಿರುವುದು ರೋಮಿನಲ್ಲಿ ಹಾಸಿಗೆ ಹಿಡಿದ ಒಬ್ಬ ಮುದುಕನ ಪತ್ರ. ಅಧಿಕಾರವಿದ್ದವನು ತನ್ನ ಆಜ್ಞೆಯನ್ನು ಕಳುಹಿಸಿ ತಿಂಗಳಾಗುವ ಮೊದಲೇ, ಕಾಣದ ನಾಡಿನ ಕಾಣದ ಜನರ ಸಂತೋಷವನ್ನು ಎಣಿಸಿ, ಆ ಆಜ್ಞೆಯನ್ನು ತಿದ್ದಿದನು. ಸಾರ್ಡಿನಿಯಾದ ರೈತರಿಗೆ ಸಿಗದಿದ್ದ ಆ ಮರುಯೋಚನೆ ಇಂಗ್ಲೆಂಡಿನವರಿಗೆ ಸಿಕ್ಕಿತು. ಚರ್ಚುಗಳ ಇಂದಿನ ಚರ್ಚೆಯಲ್ಲಿ ಆತನ ಹೆಸರು ಮತ್ತೆ ಮತ್ತೆ ಕೇಳಿಬರುವುದಕ್ಕೆ ಆ ಎರಡನೆಯ ಪತ್ರವೇ ಕಾರಣ.